ಚೊಳಚಗುಡ್ಡದಿಂದ ಇಳಕಲ್ಲಿಗೆ ಒಂದು ರೊಟ್ಟಿ ಗಂಟು

ಬೆಳಿಗ್ಗೆ ಬಾಗಲಕೋಟೆಯಲ್ಲಿ ರೈಲಿಳಿದಾಗ ನನ್ನ ಕೈಚೀಲದಲ್ಲಿ ಹನ್ನೊಂದು ದಿನದ ಪಟ್ಟಿ ಇತ್ತು. ಮಂಡ್ಯದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಲೆಕ್ಕ ಕಲಿಸಿ ನಿವೃತ್ತಳಾದವಳು ನಾನು. ಪಟ್ಟಿಯಿಲ್ಲದೆ ತರಕಾರಿ ಅಂಗಡಿಗೂ ಹೋದವಳಲ್ಲ. ನೋಡುವ ಊರು, ಬಸ್ಸಿನ ಹೊತ್ತು, ಕೊನೆಯಲ್ಲಿ ಊರಿಗೆ ಹತ್ತಕ್ಕೆ ಎಷ್ಟು ಅಂಕ ಎಂಬ ಖಾಲಿ ಕಲಂ. ಯಾವ ಊರು ಹೆಚ್ಚು ಹಿಡಿಸಿತು ಎಂದು ವಾಕಿಂಗ್ ಗೆಳತಿಯರು ಕೇಳಿಯೇ ಕೇಳುತ್ತಾರಲ್ಲ.

ಬಾದಾಮಿಯ ಬಸ್ಸಿನಲ್ಲಿ ಕಂಡಕ್ಟರ್ ನನ್ನ ಆಧಾರ್ ಕಾರ್ಡು ನೋಡಿ ಹೆಂಗಸರ ಉಚಿತ ಟಿಕೆಟ್ ಹರಿದುಕೊಟ್ಟರು. "ಮಂಡ್ಯಾದಿಂದ ಇಲ್ಲೀತನಾ ಬಂದೀರಿ? ನಮ್ಮ ಕಡಿ ಬಿಸಲಿಗೂ ಟಿಕೆಟ್ ಇಲ್ರಿ, ಎಷ್ಟ ಬೇಕಷ್ಟ ತಗೊಳ್ರಿ," ಎಂದರು. ಇನ್ನೂ ಫೆಬ್ರವರಿ, ಆಗಲೇ ನೆತ್ತಿ ಸುಡುತ್ತಿತ್ತು.

ಬಾದಾಮಿಗೆ ಒಂಬತ್ತು ಅಂಕ ಕೊಟ್ಟೆ. ಗುಹೆಗಳಿಗಿಂತ ನನಗೆ ಹಿಡಿಸಿದ್ದು ಹೊಂಡದ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಸದ್ದು. ಈ ದಂಡೆಯಲ್ಲಿ ಒಂದು ಪೆಟ್ಟು ಬಿದ್ದರೆ ಎದುರಿನ ಕೆಂಪು ಬಂಡೆಯೂ ಒಂದು ಪೆಟ್ಟು ಹಾಕುತ್ತದೆ. ಅರ್ಧ ಗಂಟೆ ಸುಮ್ಮನೆ ಎಣಿಸುತ್ತ ಕುಳಿತೆ. ಅಷ್ಟರಲ್ಲಿ ಕೋತಿಯೊಂದು ಬಾಳೆಹಣ್ಣಿನ ಚೀಲ ಎತ್ತಿಕೊಂಡು ಹೋಯಿತು. ಕಳೆದ ಆ ಒಂದು ಅಂಕ ಅದರದ್ದು.

ಮರುದಿನ ಐದು ಕಿಲೋಮೀಟರ್ ದೂರದ ಚೊಳಚಗುಡ್ಡಕ್ಕೆ ಹೋದೆ. ಬನಶಂಕರಿ ಹೊಂಡದ ಪಕ್ಕದ ನೆರಳಿನಲ್ಲಿ ಬುಟ್ಟಿ ಇಟ್ಟುಕೊಂಡು ಹೆಂಗಸರು ಊಟ ಮಾರುತ್ತಾರೆ. ಯಲ್ಲವ್ವ ಎಂಬುವರು ಜೋಳದ ರೊಟ್ಟಿಯ ಮೇಲೆ ಪುಂಡಿ ಪಲ್ಯ, ಶೇಂಗಾ ಚಟ್ನಿ ಹಾಕಿ ಮೊಸರು ಸುರಿದರು. ಅರವತ್ತರ ಆಸುಪಾಸಿನ ಹೆಂಗಸು, ಮಾತು ಬಿರುಸು. ನಾನು ಇಳಕಲ್ಲಿಗೆ ಹೋಗುವವಳೆಂದು ತಿಳಿದದ್ದೇ ಅವರ ಕೈ ನಿಂತಿತು.

"ಅಲ್ಲಿ ನನ್ನ ತಂಗಿ ಅದಾಳ್ರಿ, ನೀಲವ್ವ. ಮಗ್ಗದ ಮನಿ. ಮೂರು ವರ್ಷಾತು ನನ್ನ ಕೂಡ ಮಾತಿಲ್ಲ," ಎಂದು ಹಳೆ ಸೀರೆಯ ತುಂಡಿನಲ್ಲಿ ಗರಿಗರಿ ಒಣಗಿದ ಕಟಕ ರೊಟ್ಟಿ ಕಟ್ಟಿದರು. "ಇದನ್ನ ಮುಟ್ಟಸ್ರಿ. ತಗೊಳ್ಳಿಲ್ಲಂದ್ರ ಹೊಳ್ಳಿ ತಂದ ಕೊಡ್ರಿ. ಆಮ್ಯಾಲ ನಾ ಆಸೆ ಬಿಡ್ತೇನಿ."

ನನಗೋ ಮೊದಲೇ ಕೆಟ್ಟ ಕುತೂಹಲ. ಜಗಳ ಏಕೆಂದು ಕೇಳಿದೆ. "ಅಕಿನ್ನ ಕೇಳ್ರಿ," ಎಂದರು ಅಷ್ಟೇ.

ಇಳಕಲ್ಲಿಗೆ ಎಪ್ಪತ್ತು ಕಿಲೋಮೀಟರ್ ಇರಬಹುದು. ಗುಳೇದಗುಡ್ಡ ದಾಟಿ, ಅಮೀನಗಡದಲ್ಲಿ ಕರದಂಟು ಕೊಂಡು, ಹುನಗುಂದದಲ್ಲಿ ಬಸ್ಸು ಬದಲಿಸಿದೆ. ದಾರಿಯುದ್ದಕ್ಕೂ ರೊಟ್ಟಿ ಮುರಿಯಬಾರದೆಂದು ಗಂಟನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದೆ.

ಕೇಳಿಕೊಂಡು ಮನೆ ಹುಡುಕಿದಾಗ ನೀಲವ್ವ ಪಡಸಾಲೆಯಲ್ಲಿ ಒಬ್ಬರೇ ಕುಳಿತು ಎಳೆಗಳೊಂದಿಗೆ ಗುದ್ದಾಡುತ್ತಿದ್ದರು. ಗಂಟು ನೋಡಿದ್ದೇ ಅದರ ಬಟ್ಟೆಯ ಗುರುತು ಹತ್ತಿತು. "ಅಲ್ಲೇ ಇಡ್ರಿ. ಹೋಗುವಾಗ ಒಯ್ರಿ," ಎಂದು ಮುಖ ತಿರುಗಿಸಿದರು.

ನಾನು ಹೋಗಲಿಲ್ಲ. ಇದೇನು ಕೆಲಸ ಎಂದು ಕೇಳಿದೆ. ಮಗ್ಗಕ್ಕೆ ಉದ್ದಕ್ಕೆ ಹಾಕುವ ಎಳೆಗೆ ಹಾಸು ಎನ್ನುತ್ತಾರೆ. ಇಳಕಲ್ ಸೀರೆಯ ಮೈಗೆ ಹತ್ತಿಯ ಹಾಸು, ಸೆರಗಿಗೆ ಕೆಂಪು ರೇಷ್ಮೆಯ ಹಾಸು. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿದ ಮೇಲೆಯೇ ನೇಯ್ಗೆ. ಎದುರುಬದುರು ಇಬ್ಬರು ಕೂತರೆ ಸಲೀಸು. ಒಬ್ಬರು ಹತ್ತಿಯ ಎಳೆ ಬಿಡಿಸಿ ಕೊಡಬೇಕು, ಇನ್ನೊಬ್ಬರು ಅದನ್ನು ರೇಷ್ಮೆಯ ಕೊಂಡಿಗೆ ಸಿಕ್ಕಿಸಬೇಕು. ನಾನು ಕೂರಲೇ ಎಂದೆ. "ಕೂಡ್ರಿ, ಬರ್ತದೇನ್ ನೋಡೂಣು," ಎಂದರು.

ಅವರು ಹತ್ತಿಯ ಎಳೆ ಕೊಡುವವರು, ನಾನು ರೇಷ್ಮೆಗೆ ಸಿಕ್ಕಿಸುವವಳು. ಎರಡೂ ಕಡೆ ನೂರು ನೂರು ಎಳೆಯ ಕಟ್ಟು. ಒಂದು ಕಟ್ಟು ಮುಗಿಯುವಷ್ಟರಲ್ಲಿ ನನ್ನ ಬೆನ್ನು ಹಿಡಿಯಿತು. ಮುಗಿದಾಗ ನನ್ನ ಕಡೆ ಒಂದು ಕೆಂಪು ಎಳೆ ಉಳಿದಿತ್ತು.

"ನೋಡ್ರಿ, ಒಂದ ಬಿಟ್ರಿ. ನಮ್ಮಕ್ಕಾನೂ ಹಿಂಗ ಬಿಟ್ಟಿದ್ಲು, ನನ್ನ ಮಗಳ ಲಗ್ನದ ಸೀರಿಗಿ. ಒಂದ ತಪ್ಪಿದ್ರ ಮುಂದಿನವೆಲ್ಲಾ ತಪ್ಪತಾವ, ಪೂರಾ ಬಿಚ್ಚಬೇಕಾತು. ನಿನ್ನ ಕಣ್ಣು ಹೋಗ್ಯಾವ ಅಂದೆ. ಎದ್ದ ಹೋದಾಕಿ ಹೊಳ್ಳಿ ಬರಲಿಲ್ಲ."

ಜಗಳದ ಕಾರಣ ಸಿಕ್ಕಿತು. ಆದರೆ ಲೆಕ್ಕ ನನಗೆ ಒಪ್ಪಲಿಲ್ಲ. "ನಾನು ಬಿಟ್ಟಿಲ್ಲ. ಎಣಿಸಿಕೊಂಡೇ ಬಂದಿದ್ದೇನೆ. ನೀವು ಕೊಟ್ಟಿದ್ದೇ ತೊಂಬತ್ತೊಂಬತ್ತು," ಎಂದೆ.

"ಅಂದ್ರ ತಪ್ಪು ನಂದಂತೀರಿ?" ದನಿ ಏರಿತು. ಇಬ್ಬರೂ ಹಟಕ್ಕೆ ಬಿದ್ದು ಕೊನೆಯಿಂದ ಒಂದೊಂದೇ ಕೊಂಡಿ ನೋಡುತ್ತ ಬಂದೆವು. ಅರವತ್ತನೆಯ ಕೊಂಡಿಯ ಹತ್ತಿರ ನೀಲವ್ವನ ಉಗುರು ನಿಂತಿತು. ನೂಲಿಗೆ ಹಾಕಿದ ಗಂಜಿಗೆ ಅಂಟಿಕೊಂಡಿದ್ದ ಎರಡು ಹತ್ತಿಯ ಎಳೆ, ನೋಡುವುದಕ್ಕೆ ಒಂದೇ.

ನೀಲವ್ವ ಆ ಜೋಡಿಯನ್ನು ಉಗುರಿನಲ್ಲೇ ಹಿಡಿದರು. "ನಾ ಬಿಟ್ಟಿಲ್ಲ ಅಂತ ಅಕಿ ಆಣಿ ಮಾಡಿದ್ಲ್ರಿ. ನಾ ಕೇಳಲಿಲ್ಲ. ಅವತ್ತೂ ಎಳಿ ನಾನ ಕೊಟ್ಟಿದ್ದೆ," ಎಂದರು. ಅಕ್ಕನ ಗಂಟು ಬಿಚ್ಚಿ, ಒಂದು ರೊಟ್ಟಿ ಮುರಿದು, ಚಟ್ನಿಯೂ ಇಲ್ಲದೆ ಪೂರ್ತಿ ತಿಂದರು. ಆಮೇಲೆ ಆ ಜೋಡಿ ಎಳೆಯ ತುದಿಯನ್ನು ಬೆರಳುದ್ದ ಕತ್ತರಿಸಿ, ಉಳಿದ ರೊಟ್ಟಿ ಎತ್ತಿಟ್ಟು, ಬಿಡಿಸದೆ ಹಾಗೆಯೇ ಅದೇ ಬಟ್ಟೆಯಲ್ಲಿ ಕಟ್ಟಿ ನನ್ನ ಕೈಗಿಟ್ಟರು. "ಅಕಿಗಿ ಕೊಡ್ರಿ. ಬಾಯಿ ಬಿಟ್ಟ ಹೇಳಾಕ ನನಗ ಆಗೂದಿಲ್ಲ."

ಮರುದಿನ ಪಟ್ಟಿಯಲ್ಲಿ ಐಹೊಳೆ ಇತ್ತು. ನಿವೃತ್ತಿಯಾದ ಮೇಲೆ ಮೊದಲ ಸಲ ನನ್ನ ಪಟ್ಟಿಯ ಒಂದು ಸಾಲು ಹೊಡೆದುಹಾಕಿ ಬೆಳಿಗ್ಗೆ ಚೊಳಚಗುಡ್ಡಕ್ಕೆ ಹೋದೆ.

ಗಂಟು ವಾಪಸು ಬಂದದ್ದು ಕಂಡು ಯಲ್ಲವ್ವನ ಮುಖ ಇಳಿಯಿತು. "ತಿಂದರು," ಎಂದೆ ಅವಸರವಾಗಿ, "ಇದನ್ನು ಕೊಟ್ಟಿದ್ದಾರೆ."

ಅವರು ಎಳೆಯನ್ನು ಬೆಳಕಿಗೆ ಹಿಡಿದರು. ಹತ್ತಿರ ತಂದರು, ದೂರ ಹಿಡಿದರು. "ಏನ್ರಿ ಇದು? ಒಂದ ಹತ್ತಿ ಎಳಿ ಕಳಿಸ್ಯಾಳ?"

ನಾನು ಬಾಯಿ ತೆರೆಯುವ ಮೊದಲೇ ಅವರ ಹೆಬ್ಬೆರಳು, ತೋರುಬೆರಳು ಅದನ್ನು ಹೊಸೆದವು. ಗಂಜಿ ಬಿಟ್ಟಿತು.

"ಎರಡದಾವ," ಎಂದರು ಮೆಲ್ಲಗೆ. ನಕ್ಕರು, ಸೆರಗಿನಿಂದ ಕಣ್ಣೊರೆಸಿಕೊಂಡರು. "ಕಣ್ಣ ಹೋಗಿದ್ದು ಖರೆ ಐತ್ರಿ ಯವ್ವಾ. ಸಿಟ್ಟಿಲೆ ಅಂದ್ರೂ ಖರೇನ ಅಂದಾಳ. ಆದ್ರ ಬಟ್ಟು ಇನ್ನೂ ಅದಾವ," ಎಂದು ಬೆರಳು ಆಡಿಸಿ ತೋರಿಸಿದರು.

ಬುಟ್ಟಿಯನ್ನು ಪಕ್ಕದವಳ ಕಡೆ ಸರಿಸಿ ಎದ್ದು ನಿಂತರು. "ಇಳಕಲ್ಲ ಬಸ್ಸು ಎಷ್ಟಕ್ಕೈತ್ರಿ?"

ಅದು ನನ್ನ ಪಟ್ಟಿಯಲ್ಲಿತ್ತು. ತೆಗೆದು ನೋಡಿ ಹೇಳಿದೆ.