ಪ್ಯಾಡೋ ಕೀಬೋರ್ಡೋ

ಬೆಳಗಾವಿಯ ಮಹಾಂತೇಶ ನಗರದ ನನ್ನ ಬಾಡಿಗೆ ಕೋಣೆಗೆ ಕಂಪ್ಯೂಟರ್ ಬಂದ ವರ್ಷ, ಖಾನಾಪುರದ ನಮ್ಮ ಭಜನಾ ಮೇಳದ ಕ್ಯಾಸೆಟ್ಟನ್ನು ನಾನೇ ತಯಾರಿಸುತ್ತೇನೆಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ಅರ್ಧ ಕನ್ನಡ, ಅರ್ಧ ಮರಾಠಿ ಹಾಡುವ ಮೇಳ ಅದು. ಕ್ಯಾಂಪ್ ಪ್ರದೇಶದ ವಾದ್ಯಗಳ ಅಂಗಡಿಯವನು ನನ್ನ ಮುಂದೆ ಎರಡು ವಸ್ತು ಇಟ್ಟ. ಒಂದು ಕೀಬೋರ್ಡ್, ಅದರಲ್ಲಿ ಹಾರ್ಮೋನಿಯಂ ಪೇಟಿಯಿಂದ ಹಿಡಿದು ಶಹನಾಯಿವರೆಗೆ ಎಲ್ಲವೂ ಇತ್ತು. ಇನ್ನೊಂದು ಪ್ಯಾಡ್. ಎಂಟು ರಬ್ಬರ್ ಚೌಕಗಳು, ಕಡ್ಡಿಯಿಂದ ಬಡಿದರೆ ತಬಲಾ, ಡೋಲಕ್ ಏನು ಬೇಕಾದರೂ ನುಡಿಯುತ್ತಿದ್ದವು. ಎರಡರಲ್ಲಿ ಒಂದನ್ನಷ್ಟೇ ಕೊಳ್ಳುವ ಶಕ್ತಿ ನನಗಿತ್ತು.

ಮೇಳದಲ್ಲಿ ಪೇಟಿ ಅಪ್ಪನದು, ತಬಲಾ ಸೋದರಮಾವನದು. ಕೀಬೋರ್ಡ್ ತಂದು ನಾನೇ ನುಡಿಸಿದರೆ ಅಪ್ಪ ಮನೆಯಲ್ಲಿ, ಪ್ಯಾಡ್ ತಂದು ಬಡಿದರೆ ಮಾವ ಮನೆಯಲ್ಲಿ. ಇಬ್ಬರೂ ವಾರಕ್ಕೊಮ್ಮೆ ಒಂದೇ ಜಮಖಾನೆಯ ಮೇಲೆ ಕೂತು ನುಡಿಸುತ್ತಿದ್ದರು, ಆದರೆ ಹನ್ನೊಂದು ವರ್ಷದಿಂದ ಮಾತಿರಲಿಲ್ಲ. ಯಾವುದೋ ಮದುವೆಯಲ್ಲಿ ತಾಳ ತಪ್ಪಿಸಿದವರು ಯಾರು ಎಂಬ ಜಗಳ. ಏನು ಹೇಳುವುದಿದ್ದರೂ ಅವ್ವನ ಮೂಲಕ. ಮಾವ ಎರಡಡಿ ದೂರದಲ್ಲಿ ಕೂತಿದ್ದರೂ ಅಪ್ಪ ಅಡುಗೆಮನೆಯತ್ತ ಮುಖ ಮಾಡಿ, "ನಿನ್ನ ತಮ್ಮಗ ಹೇಳು, ಡಗ್ಗಾದ ಶ್ರುತಿ ಇಳದೈತಿ" ಎನ್ನುತ್ತಿದ್ದರು. ಅವ್ವ ಹಿಟ್ಟಿನ ಕೈಯಲ್ಲೇ ಬಂದು ತಮ್ಮನಿಗೆ ಅದನ್ನೇ ಹೇಳಿ ಹೋಗುತ್ತಿದ್ದಳು.

ಇಂಥವರು ತಮ್ಮ ತಮ್ಮ ಜಾಗಕ್ಕಾಗಿ ಕಿತ್ತಾಡುತ್ತಾರೆಂದು ನಾನು ತಿಳಿದಿದ್ದೆ. ತಲೆ ಕೆಟ್ಟದ್ದು ಬೇರೆ ಕಾರಣಕ್ಕೆ. ಅಪ್ಪ ಕೀಬೋರ್ಡೇ ತಾ ಎಂದರು, ತಮ್ಮ ಬೆರಳು ಈಗ ಓಡುವುದಿಲ್ಲವಂತೆ. ಮಾವ ಪ್ಯಾಡೇ ತಾ ಎಂದ, ಅವನ ರಟ್ಟೆ ಸೋತಿದೆಯಂತೆ. ಇಬ್ಬರೂ ಶುದ್ಧ ಸುಳ್ಳರು. ಒಬ್ಬರನ್ನೊಬ್ಬರು ಉಳಿಸಲು ತಾವೇ ಮೇಳ ಬಿಡುವ ಹಟ ಹಿಡಿದಿದ್ದರು, ಅದನ್ನೂ ಅವ್ವನ ಮೂಲಕವೇ.

ಸಾಕಾಗಿ ಅವ್ವ ದೇವರಿಗೆ ಹೂ ಹಚ್ಚಿದಳು. ಹೆಣ್ಣು ನೋಡುವುದಿರಲಿ, ಎಮ್ಮೆ ಕೊಳ್ಳುವುದಿರಲಿ, ಮನೆದೇವರ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿ ಕಾಯುವುದು ನಮ್ಮ ರೂಢಿ. ಬಲದ್ದು ಮೊದಲು ಬಿದ್ದರೆ ಕೀಬೋರ್ಡ್, ಎಡದ್ದು ಬಿದ್ದರೆ ಪ್ಯಾಡ್. ಆ ದೇವರಿಗೆ ಇಂಥ ಪ್ರಶ್ನೆಯನ್ನು ಹಿಂದೆ ಯಾರೂ ಕೇಳಿರಲಿಕ್ಕಿಲ್ಲ. ಫ್ಯಾನ್ ಬಂದ್ ಮಾಡಿ ಕೂತೆವು. ಅರ್ಧ ಗಂಟೆಯಾದರೂ ಹೂ ಅಲುಗಲಿಲ್ಲ. ಅಪ್ಪನಿಗೆ ಬಲದ ಹೂವಿನ ಕಡೆಗೇ ಕೆಮ್ಮು ಬರತೊಡಗಿತು, ಮಾವನಿಗೆ ಎಡದ ಹೂವಿನ ಕಡೆಗೇ ಸೀನು. ಅವ್ವ ಎದ್ದು ಇಬ್ಬರ ಬಾಯಿಗೂ ಟವೆಲ್ ಕಟ್ಟಿದಳು. ಊರಲ್ಲಿ ಮರ್ಯಾದೆಯುಳ್ಳ ಇಬ್ಬರು ಗಂಡಸರು ದರೋಡೆಕೋರರ ಹಾಗೆ ದೇವರ ಮುಂದೆ ಕೂತರು.

ನನಗೆ ಬೆಳಗಾವಿ ಬಸ್ಸಿನ ಚಿಂತೆ. ಯಾರಿಗೂ ಕಾಣದಂತೆ ದೇವರ ಮಣೆಗೆ ಮೊಣಕಾಲಿನಿಂದ ಒಂದು ತಟ್ಟಿದೆ. ಎಡದ ಹೂ ಬಿತ್ತು.

ಮಾವ ಟವೆಲ್ ಬಿಚ್ಚಿ, ದೇವರಿಗೆ ಕೈಮುಗಿದು, ತಬಲಾಕ್ಕೆ ಗವಸು ಹಾಕತೊಡಗಿದ. ನನ್ನ ಮೇಲೆ ನನಗೇ ಹೇಸಿಕೆಯಾಯಿತು. ತಟ್ಟಿದ್ದು ನಾನೆಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ ಟವೆಲನ್ನು ಕೆಳಗೆಳೆದು ನೇರ ಮಾವನನ್ನೇ ನೋಡಿದರು.

"ಇನ್ನ ನಾ ಯಾರ ಜೋಡಿ ಬಾರಸ್ಲಿ?"

ಅವ್ವ ಅಭ್ಯಾಸಬಲದಿಂದ ತಮ್ಮನ ಕಡೆ ತಿರುಗಿದಳು, ಆದರೆ ತಲುಪಿಸಲು ಏನೂ ಉಳಿದಿರಲಿಲ್ಲ. ಮಾವ ಗವಸು ಬಿಚ್ಚಿ, ಶ್ರುತಿ ಕೂಡಿಸುವ ಸುತ್ತಿಗೆ ಕೈಗೆತ್ತಿಕೊಂಡ.

"ಪೇಟಿಯ ಯಾವ ಪಟ್ಟಿಗೆ ಕೂಡಸ್ಲಿ, ಮಾಮಾ?" ಎಂದು ಅಪ್ಪನನ್ನೇ ಕೇಳಿದ.

ಅವ್ವ ಅಲ್ಲೇ ನೆಲಕ್ಕೆ ಕೂತು ಅತ್ತುಬಿಟ್ಟಳು.