ಎಲ್ಲರ ಗುಲಾಬಿ

ಬಸ್ಸಿನ ಕಿಟಕಿಯಿಂದಾಗಲಿ, ತೋಟದಾಚೆಯಿಂದಾಗಲಿ, ಯಾರು “ಗುಲಾಬೀ” ಎಂದು ಕೂಗಿದರೂ ಗುಲಾಬಿಯಕ್ಕ ನಿಂತು “ಓ” ಎನ್ನುತ್ತಿದ್ದರು. ಅವರ ಜತೆ ಹೊರಟರೆ ಪೇಟೆಯಿಂದ ಪಂಚಾಯತು ಆಫೀಸಿನವರೆಗಿನ ದಾರಿ ಮುಗಿಯುತ್ತಲೇ ಇರಲಿಲ್ಲ. ಪ್ರೆಸಿಡೆಂಟ್ ಆದ ಮೇಲೂ ಹಾಗೆಯೇ.

ಬೀಡಿ ಕಟ್ಟುತ್ತಿದ್ದ ಹೆಂಗಸು. ಅರ್ಧಕ್ಕರ್ಧ ಪಂಚಾಯತುಗಳಲ್ಲಿ ಪ್ರೆಸಿಡೆಂಟ್ ಕುರ್ಚಿ ಹೆಂಗಸರಿಗೆ ಎಂದಾದಾಗ ಪಾರ್ಟಿಯವರು ಇವರನ್ನು ಹುಡುಕಿ ನಿಲ್ಲಿಸಿದರು. ಮೈಕಿನ ಜೀಪು ಊರಿಡೀ “ನಮ್ಮ ಮನೆಮಗಳು ಗುಲಾಬಿ” ಎಂದು ಕೂಗಿತು. ಹಿಂದಿನ ಪ್ರೆಸಿಡೆಂಟರ ಹೆಸರು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಅವರು ರೈಗಳು, ಅಷ್ಟೆ. ಗುಲಾಬಿಯಕ್ಕನ ಕಾಲದಲ್ಲಿ ವೈಸ್ ಪ್ರೆಸಿಡೆಂಟ್. ನಾನೂ ಮೆಂಬರಾಗಿದ್ದೆ. ಶಾಲೆಯಲ್ಲಿ ಕಲಿಸಿದವಳಾದ್ದರಿಂದ ಬಚಾವಾದೆ, ಎಲ್ಲರಿಗೂ ಟೀಚರ್. ಬೀಡಿ ಕಟ್ಟಿದವರಿಗೆ ಅಂಥದ್ದೊಂದು ಸಿಗುವುದಿಲ್ಲ. ಸಭೆಗೆ ರೈಗಳು ಬಂದರು, ಗುಲಾಬಿ ಬಂದಳು.

ಬೇಜಾರಾಗುವುದಿಲ್ಲವಾ ಎಂದು ಒಮ್ಮೆ ಕೇಳಿದ್ದೆ. ಪ್ರೀತಿಯಲ್ಲಿ ಕರೆಯುವುದಲ್ಲವಾ ಎಂದು ನಕ್ಕಿದ್ದರು.

ಆಮೇಲೆ ಕೆಂಪುಕಲ್ಲಿನ ಕೋರೆಯ ವಿಷಯ ಬಂತು. ಕಾಲನಿಯ ಮೇಲಿನ ಗುಡ್ಡದಲ್ಲಿ ಕಲ್ಲು ತೆಗೆಯಲು ರೈಗಳ ಅಳಿಯನಿಗೆ ಪಂಚಾಯತಿನ ಲೈಸನ್ಸ್ ಬೇಕಿತ್ತು. ಕಾಲನಿಗೆ ಇದ್ದ ಒಂದೇ ಬಾವಿ ಆ ಗುಡ್ಡದ ಬುಡದಲ್ಲಿ. ಸಭೆಯಲ್ಲಿ ಗುಲಾಬಿಯಕ್ಕ ಆಗುವುದಿಲ್ಲ ಎಂದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಮ್ಮ ಗುಲಾಬಿ ಅಲ್ಲವಾ, ಹೇಳಿದರೆ ಕೇಳುತ್ತಾಳೆ ಎಂದು ರೈಗಳು ಅವರೆದುರಿಗೇ ಉಳಿದವರಿಗೆ ಸಮಾಧಾನ ಹೇಳಿದರು.

ಹೊರಗೆ ಬಂದಾಗ ಗುಲಾಬಿಯಕ್ಕ ನಗಲಿಲ್ಲ. “ಓಟು ಕೇಳುವಾಗ ಗುಲಾಬಿ ಆಗ್ಲಿ ಟೀಚರ್. ಬೇಡ ಅಂತ ಹೇಳುವಾಗ್ಲೂ ಗುಲಾಬಿಯೇ ಆದ್ರೆ ಎಂತ ಮಾಡುದು? ನಾನು ಬೇಡ ಅಂದದ್ದು ಯಾರಿಗೂ ಕೇಳುದೇ ಇಲ್ಲ.”

ಮುಂದಿನ ಸಭೆಯಲ್ಲಿ ಗುಲಾಬಿಯಕ್ಕ, ಈ ಕುರ್ಚಿಯಲ್ಲಿ ಇರುವಷ್ಟು ಹೊತ್ತು ನನ್ನನ್ನು ಪ್ರೆಸಿಡೆಂಟ್ ಎಂದೇ ಕರೆಯಿರಿ, ಕೋರೆಗೆ ನನ್ನ ಒಪ್ಪಿಗೆ ಇಲ್ಲ ಎಂದರು. ಯಾರೋ ನಕ್ಕರು. ಗುಲಾಬಿಗೆ ಕುರ್ಚಿ ತಲೆಗೇರಿದೆ ಎಂದು ಪೇಟೆಯಲ್ಲಿ ಮಾತಾಯಿತು. ಹೆಚ್ಚು ದಿನ ಹೋಗಲಿಲ್ಲ, ಅವಿಶ್ವಾಸ ಬಂತು.

ರೈಗಳು ಎದ್ದು ನಿಂತು ಓದಿದರು: “ಮಾನ್ಯ ಪ್ರೆಸಿಡೆಂಟ್ ಶ್ರೀಮತಿ ಗುಲಾಬಿ ಅವರ ಮೇಲೆ ಈ ಸಭೆಗೆ ವಿಶ್ವಾಸವಿಲ್ಲ.”

ಆ ಬಾಯಿಂದ ‘ಅವರ’ ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಗುಲಾಬಿಯಕ್ಕ ಬೇರೆ ಯಾರದೋ ವಿಷಯ ಎಂಬಂತೆ ಕೇಳುತ್ತಿದ್ದರು. ಓಟಾಯಿತು. ಅವರ ಪರ ಇದ್ದದ್ದು ನಾನು ಮತ್ತು ಕಾಲನಿಯ ಮೆಂಬರು ಮಾತ್ರ. ನನಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ತಿರುಗುತ್ತಿದ್ದ ಫ್ಯಾನನ್ನು ನೋಡುತ್ತ ಕೂತಿದ್ದೆ.

ಅಂಗಳದಲ್ಲಿ ರೈಗಳು ಜೀಪಿನ ಬಾಗಿಲು ತೆರೆದು ಕರೆದರು. “ಬಾ ಗುಲಾಬಿ, ಮನೆಗೆ ಬಿಡ್ತೇನೆ.” ದನಿಯಲ್ಲಿ ನಿಜವಾಗಿಯೂ ಪ್ರೀತಿ ಇತ್ತು. ಗುಲಾಬಿಯಕ್ಕ ಬಸ್ಸಿಗೆ ಹೋಗುತ್ತೇನೆ ಎಂದರು. ನಾನು ಅವರನ್ನು ಕಂಡದ್ದು ಅದೇ ಕೊನೆ. ಆ ವಾರವೇ ಹೊಸಂಗಡಿಯ ತಂಗಿಯ ಮನೆಗೆ ಹೋದರಂತೆ.

ಕೋರೆಗೆ ಲೈಸನ್ಸ್ ಆಯಿತು. ಬಾವಿ ಬತ್ತಿತು. ಈಗ ಕಾಲನಿಗೆ ಟ್ಯಾಂಕರಿನ ನೀರು. ಕೊಡ ಹಿಡಿದು ನಿಂತ ಹೆಂಗಸರು ನನ್ನನ್ನು ಕಂಡರೆ ಮಾತಿಗೆ ಬರುತ್ತಾರೆ. ಮೊನ್ನೆ ಒಬ್ಬಳು ಕೇಳಿದಳು:

“ಗುಲಾಬಿ ಎಲ್ಲಿದ್ದಾಳೆ ಟೀಚರ್? ಅವಳು ಆಗ ಒಂದು ಮಾತು ಬೇಡ ಅಂತ ಹೇಳಿದ್ರೆ ಆಗ್ತಿತ್ತಲ್ಲ?”