ಜಾಗ ಬರೆದದ್ದು

ಬೆಳಗ್ಗೆ ಬೆಂಗ್ರೆಯ ಹೊಳೆಬದಿಯಲ್ಲಿ ನಡೆಯುವಾಗ ಕಂಡ ಹಕ್ಕಿಗಳ ಹೆಸರು, ಸಮಯ, ಜಾಗ ಎಲ್ಲವನ್ನೂ ಬರೆದಿಡುವುದು ನನ್ನ ಅಭ್ಯಾಸ. ಒಂದು ದಿನ ಮುರಿದ ದೋಣಿಯ ಅಡಿಯಿಂದ ನೀರುನಾಯಿಯೊಂದು ಎರಡು ಮರಿಗಳ ಜೊತೆ ಹೊರಬಂತು. ನಾನು ನಿಂತಲ್ಲೇ ನಿಂತುಬಿಟ್ಟೆ.

ಪಕ್ಕದಲ್ಲಿ ಬಲೆ ರಿಪೇರಿ ಮಾಡುತ್ತಿದ್ದ ಹಸನಬ್ಬ ಮೆಲ್ಲಗೆ ಹೇಳಿದರು, "ಮರಿ ಸಣ್ಣದುಂಟು, ಅಕ್ಕ. ಬರೆಯುವುದಾದರೆ ಬರೆಯಿರಿ, ಜಾಗ ಮಾತ್ರ ಬೇಡ."

"ಜಾಗ ಇಲ್ಲದೆ ಅದೆಂತ ದಾಖಲೆ ಮಾರಾಯ್ರೆ? ನಾನು ಬಿ.ಎಸ್ಸಿ. ಓದಿದವಳು."

"ನಾನು ಓದಿದವನಲ್ಲ. ಆದ್ರೆ ಜನರನ್ನು ನೋಡಿದ್ದೇನೆ," ಎಂದು ನಕ್ಕರು.

ಮನೆಗೆ ಬಂದವಳೇ ಹಕ್ಕಿ ನೋಡುವವರ ವಾಟ್ಸಾಪ್ ಗ್ರೂಪಿಗೆ ಲೊಕೇಶನ್ ಸಮೇತ ಕಳಿಸಿದೆ. ಭಾನುವಾರ ಹೋಗಿ ನೋಡಿದರೆ ದೋಣಿಯ ಸುತ್ತ ಕ್ಯಾಮೆರಾ ಹಿಡಿದವರೇ. ಮರಿಗಳು ಹೊರಗೆ ಬರಲಿ ಎಂದು ಒಬ್ಬ ದೋಣಿಯನ್ನು ಕೋಲಿನಿಂದ ಬಡಿಯುತ್ತಿದ್ದ. ನಿಲ್ಲಿಸಿ ಎಂದು ಕೂಗಿದೆ.

"ಕರೆದದ್ದು ನೀವೇ ಅಲ್ವಾ ಆಂಟಿ?" ಎಂದ.

ತಾಯಿ ಒಂದು ಮರಿಯನ್ನು ಕಚ್ಚಿಕೊಂಡು ನೀರಿಗಿಳಿಯಿತು. ಇನ್ನೊಂದು ಅದರ ಹಿಂದೆಯೇ ಧುಮುಕಿತು. ಮತ್ತೆ ಅವು ಅಲ್ಲಿ ಕಾಣಿಸಲಿಲ್ಲ.

ಹಸನಬ್ಬ ಬೈಯಲಿಲ್ಲ, ಕೂರಿಸಿ ಚಾ ಕೊಟ್ಟರು. ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ಈಗ ವಾಕಿಂಗಿಗೆ ಬೇರೆ ದಾರಿ ಹುಡುಕಿಕೊಂಡಿದ್ದೇನೆ. ಮನೆಯವರು ಕೇಳಿದರೆ ಹೊಳೆಬದಿಯಲ್ಲಿ ನಡೆದರೆ ಮೊಣಕಾಲು ನೋವು ಅಂತೇನೆ.